ಭಾಗ 4: ದೊಡ್ಡ ಜನರೇಟರ್ ಅಂದ್ರೆ ಸೇಫ್ ಅಲ್ಲ, ದಂಡ

"ದೊಡ್ಡದೇ ತಗೊಳ್ಳಿ ಸರ್, ಮುಂದಕ್ಕೆ ಇರ್ಲಿ."

ಅಪಾರ್ಟ್‌ಮೆಂಟ್ ಮೀಟಿಂಗಲ್ಲಿ ಈ ಮಾತಿಗೆ ಎಲ್ಲರೂ ತಲೆ ಆಡಿಸ್ತಾರೆ. ನೀವು ಆಡಿಸಬೇಡಿ. ಇದರ ದುಡ್ಡು ಹೋಗೋದು ನಿಮ್ಮ ಮೇಂಟೆನೆನ್ಸಿಂದ, ಹೊಗೆ ಬರೋದು ನಿಮ್ಮ ಕಿಟಕಿಗೆ.

👉 ಮೊದಲ ಮೋಸ: ಸ್ಯಾಂಕ್ಷನ್ಡ್ ಲೋಡ್ ನೋಡಿ ಸೈಜ್ ಹೇಳೋದು
40 ಮನೆ, ಮನೆಗೆ 4 ಕಿಲೋವ್ಯಾಟ್, ಒಟ್ಟು 160. ಪವರ್ ಫ್ಯಾಕ್ಟರ್ 0.8ರಿಂದ ಭಾಗಿಸಿದ್ರೆ 200 ಕೆವಿಎ. ಭಾಗಾಕಾರ ಸರಿ, ಪ್ರಶ್ನೆಯೇ ತಪ್ಪು. ಕರೆಂಟ್ ಹೋದಾಗ ಜನರೇಟರಲ್ಲಿ ಗೀಸರ್, ಎಸಿ ಓಡಿಸ್ತೀರಾ? ಎಷ್ಟೋ ಕಟ್ಟಡಗಳಲ್ಲಿ ಮನೆಗೆ ಕೊಡೋದೇ ಅರ್ಧ ಕಿಲೋವ್ಯಾಟ್. ಲೈಟು, ಫ್ಯಾನು, ವೈಫೈ, ಅಷ್ಟೇ.

👉 ಈಗ ಅದೇ ಕಟ್ಟಡದ ಲೆಕ್ಕ ಹೀಗೆ ಹಾಕಿ
ಎರಡು ಲಿಫ್ಟ್: 15
ನೀರಿನ ಪಂಪ್: 7.5
ಎಸ್‌ಟಿಪಿ ಮೋಟಾರ್‌ಗಳು: 6
ಕಾಮನ್ ಲೈಟು, ಸಿಸಿಟಿವಿ, ಗೇಟು: 3.5
ಮನೆಗಳು: 20. ಎಲ್ಲರೂ ಒಟ್ಟಿಗೆ ಪೂರ್ತಿ ಬಳಸಲ್ಲ, ಹಾಗಾಗಿ 60% ಹಿಡಿದು 12
ಒಟ್ಟು 44 ಕಿಲೋವ್ಯಾಟ್, ಅಂದ್ರೆ 55 ಕೆವಿಎ.

ಹಾಗಂತ 62.5 ಸಾಕು ಅನ್ನೋದೂ ಆತುರ. ನೇರ ಸ್ಟಾರ್ಟರಲ್ಲಿ ಮೋಟಾರ್ ಎದ್ದೇಳುವಾಗ ಆರೇಳು ಪಟ್ಟು ಕರೆಂಟ್ ಎಳೆಯುತ್ತೆ. ವೋಲ್ಟೇಜ್ ಕುಸಿದ್ರೆ ಲಿಫ್ಟ್ ನಡುವೆ ನಿಲ್ಲುತ್ತೆ, ಒಳಗೆ ನಿಮ್ಮ ಅಜ್ಜಿ ಇರ್ತಾರೆ. ಸ್ಟಾರ್ ಡೆಲ್ಟಾ ಸ್ಟಾರ್ಟರ್ ಆ ಎಳೆತವನ್ನ ಸುಮಾರು ಮೂರನೇ ಒಂದಕ್ಕೆ ಇಳಿಸುತ್ತೆ. ಜೊತೆಗೆ ಮೋಟಾರ್‌ಗಳು ಒಂದಾದ ಮೇಲೆ ಒಂದು ಎದ್ದೇಳೋ ಹಾಗೆ ಮಾಡ್ಸಿ. ಆಗ 82.5 ಕೆವಿಎ ಆರಾಮಾಗಿ ಸಾಕು. 200 ಯಾಕೆ?

👉 ದೊಡ್ಡದಿದ್ರೆ ನಷ್ಟ ಏನು?
ಮಾಮೂಲಿ ಹೊತ್ತಲ್ಲಿ ಲೋಡ್ 30 ಕಿಲೋವ್ಯಾಟ್ ಅಂದ್ಕೊಳ್ಳಿ. 82.5ರ ಮೇಲೆ ಅದು 45%. 200ರ ಮೇಲೆ 19% ಕೂಡ ಇಲ್ಲ. ದಿನಾ 30%ಗಿಂತ ಕೆಳಗೆ ಓಡಿದ್ರೆ ಇಂಜಿನ್ ಸಾಕಷ್ಟು ಬಿಸಿ ಆಗಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಸೈಲೆನ್ಸರಲ್ಲಿ ಮಸಿ ಜಿಡ್ಡು ಕಟ್ಟುತ್ತೆ. 2023ರ ಜುಲೈ 1ರಿಂದ ಸಿಪಿಸಿಬಿ ಹೊಗೆ ನಿಯಮ ಇನ್ನೂ ಬಿಗಿಯಾಗಿದೆ. ಆದ್ರೆ ಹೊಗೆ ಶುದ್ಧಿ ಮಾಡೋ ಭಾಗ ಕೆಲಸ ಮಾಡೋಕೂ ಎಕ್ಸಾಸ್ಟ್ ಬಿಸಿ ಇರಬೇಕು.

"ಮುಂದೆ ಇವಿ ಚಾರ್ಜರ್ ಬರುತ್ತಲ್ಲ?" ಬರ್ಲಿ. ಡೀಸೆಲ್ ಸುಟ್ಟು ಬ್ಯಾಟರಿ ಕಾರ್ ಚಾರ್ಜ್ ಮಾಡೋದು ಯಾವ ಜಾಣತನ? ಅದನ್ನ ಜನರೇಟರ್ ಲೈನಿಗೆ ಕೊಡಲೇಬೇಡಿ.

👉 ಸಹಿ ಹಾಕೋ ಮುಂಚೆ ಮೂರು ಕೇಳಿ
1. ಒಂದೊಂದು ಮೋಟಾರಿನ ಸೈಜು, ಸ್ಟಾರ್ಟರ್ ಸಮೇತ ಲೋಡ್ ಪಟ್ಟಿ.
2. ಬ್ಯಾಕಪ್ ಲೈನಿಗೆ ಒಂದು ವಾರ ಮೀಟರ್ ಹಾಕಿ ಅಳೆದ ನಿಜವಾದ ಲೋಡ್.
3. ಕೊಟ್ಟ ರೇಟಿಂಗ್ ಪ್ರೈಮಾ, ಸ್ಟ್ಯಾಂಡ್‌ಬೈಯಾ ಅನ್ನೋದು, ಬರವಣಿಗೆಯಲ್ಲಿ.

ಫೈರ್ ಪಂಪ್‌ಗೆ ಬೇರೆ ಡೀಸೆಲ್ ಇಂಜಿನ್ ಇಲ್ಲದೆ ಅದೂ ಜನರೇಟರ್ ಮೇಲಿದ್ರೆ, ಪಟ್ಟಿಯಲ್ಲಿ ಅದನ್ನೇ ಮೊದಲು ಬರೀರಿ. ಮೇಲಿನ ಲೆಕ್ಕ ಆಗ ಬದಲಾಗುತ್ತೆ.

ಪಟ್ಟಿ ಕೊಡದೆ ಸೈಜ್ ಹೇಳೋರು ನಿಮ್ಮ ಕಟ್ಟಡ ನೋಡಿಲ್ಲ, ನಿಮ್ಮ ಕಾರ್ಪಸ್ ಫಂಡ್ ನೋಡಿದ್ದಾರೆ.

ಸೇವ್ ಮಾಡ್ಕೊಳ್ಳಿ, ನಿಮ್ಮ ಅಸೋಸಿಯೇಷನ್ ಗ್ರೂಪಿಗೆ ಹಾಕಿ. ಭಾಗ 5ರಲ್ಲಿ: ಜನರೇಟರ್ ಎಲ್ಲಿ ಇಡಬಾರದು.

#ಜನರೇಟರ್ #ಅಪಾರ್ಟ್‌ಮೆಂಟ್_ಲೆಕ್ಕ #ಕನ್ನಡದಲ್ಲಿ_ಕರೆಂಟ್