ಊರು ಹತ್ತಿರವಾಯಿತು, ವಿಮಾನ ನಿಲ್ದಾಣ?

ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಒಂದೂವರೆ ಗಂಟೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಕಾಶಮಾರ್ಗದ ಅಂತರ ಸುಮಾರು 715 ಕಿ.ಮೀ. ಆದರೆ ಕಲ್ಯಾಣ್, ಡೊಂಬಿವಲಿ ಪರಿಸರದ ತುಳು-ಕನ್ನಡಿಗರಿಗೆ ಇದು ಅರ್ಧ ಲೆಕ್ಕ ಮಾತ್ರ. ಮುಂಜಾನೆಯ ವಿಮಾನ ಹಿಡಿಯಬೇಕಾದರೆ ಲೋಕಲ್ ರೈಲು ಶುರುವಾಗುವ ಮೊದಲೇ ಟ್ಯಾಕ್ಸಿ ಹುಡುಕಬೇಕು. ಹಗಲಾದರೆ ಶಿಳ್‌ಫಾಟಾದ ವಾಹನದಟ್ಟಣೆ. ಅತ್ತ ಬಜ್ಪೆಯಲ್ಲಿ ಇಳಿದ ಮೇಲೂ ಕುಂದಾಪುರ, ಪುತ್ತೂರಿನ ದಾರಿ ಉಳಿದಿರುತ್ತದೆ. ಒಂದೂವರೆ ಗಂಟೆಯ ಪ್ರಯಾಣ ಏಳೆಂಟು ಗಂಟೆಗೆ ಬೆಳೆಯುತ್ತದೆ.

ಮದುವೆ, ನೇಮ, ನಾಗತಂಬಿಲಕ್ಕೆ ಹೋಗುವವರಿಗೆ ಇದು ದೊಡ್ಡ ಸಂಗತಿಯಲ್ಲ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ಮತ್ಸ್ಯಗಂಧ ಓಡತೊಡಗಿದ ಮೇಲೆ ಥಾಣೆಯಲ್ಲಿ ಹತ್ತಿ ಮಲಗಿದರೆ ಬೆಳಗಾಗುವಾಗ ಊರು. ಆದರೆ ಹೆತ್ತವರು ತೀರಿಕೊಂಡರೆಂದು ನಡುರಾತ್ರಿ ಫೋನು ಬಂದಾಗ ಆ ಒಂದು ರಾತ್ರಿಯೇ ಹೆಚ್ಚಾಗುತ್ತದೆ. ಅಂಗಳದಲ್ಲಿ ಮಗನಿಗಾಗಿ ಕಾಯುವವರಿಗೆ ಪ್ರತಿ ಗಂಟೆಯೂ ಭಾರ.

ನವಿಮುಂಬಯಿಯಲ್ಲಿ 2025ರ ಡಿಸೆಂಬರ್ 25ರಂದು ಹೊಸ ನಿಲ್ದಾಣದಿಂದ ವಿಮಾನಗಳ ಹಾರಾಟ ಆರಂಭವಾಯಿತು. ಬಜ್ಪೆ ನಿಲ್ದಾಣ ತೆರೆದದ್ದೂ 1951ರ ಡಿಸೆಂಬರ್ 25ರಂದೇ. ಆರಂಭಕ್ಕೆ ಇಂಡಿಗೋ ಪ್ರಕಟಿಸಿದ ಹತ್ತು ಊರುಗಳಲ್ಲಿ ಮಂಗಳೂರೂ ಇದ್ದುದು ಸಂತೋಷದ ವಿಷಯ. ಇಲ್ಲಿಂದ ಬಜ್ಪೆಗೆ ಸುಮಾರು 700 ಕಿ.ಮೀ. ಅಂದರೆ ಆಕಾಶದಲ್ಲಿ ಉಳಿಯುವ ಸಮಯ ಅತ್ಯಲ್ಪ. ಉಳಿಯಬೇಕಾದದ್ದು ನೆಲದ ಮೇಲೆ.

ವಾಶಿ, ನೆರೂಲ್, ಪನ್ವೇಲ್‌ನವರಿಗೆ ನಿಲ್ದಾಣ ಮನೆಬಾಗಿಲಿಗೇ ಬಂದಂತಾಗಿದೆ. ಡೊಂಬಿವಲಿಯವರಿಗೆ ಹಾಗಲ್ಲ. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸಹಾರವೂ ಹೊಸ ನಿಲ್ದಾಣವೂ ಅವರಿಗೆ ಹೆಚ್ಚುಕಡಿಮೆ ಒಂದೇ ದೂರ, 25 ಕಿ.ಮೀ. ಆಸುಪಾಸು. ಯಾವುದು ಹತ್ತಿರ ಎಂಬುದನ್ನು ನಿರ್ಧರಿಸುವುದು ಸಂಪರ್ಕ ವ್ಯವಸ್ಥೆ. ಕಲ್ಯಾಣ್-ತಳೋಜ ಮೆಟ್ರೋ ಕಾಮಗಾರಿ 2024ರಲ್ಲಷ್ಟೇ ಶುರುವಾದುದು. ಆದರೆ ದಿವಾ-ಪನ್ವೇಲ್ ಹಳಿ ದಶಕಗಳಿಂದ ಇದೆ. ಅದರಲ್ಲಿ ಪ್ರಯಾಣಿಕರಿಗೆ ಸಿಗುವ ಗಾಡಿಗಳು ಮಾತ್ರ ಬೆರಳೆಣಿಕೆಯವು. ಆ ಹಾದಿಯಲ್ಲಿ ಗಾಡಿಗಳು ಹೆಚ್ಚಿ, ಪನ್ವೇಲ್‌ನಿಂದ ನಿಲ್ದಾಣಕ್ಕೆ ಹೊತ್ತುಹೊತ್ತಿಗೆ ಬಸ್ಸು ಸಿಕ್ಕಿದರೆ ಸಾವಿರಾರು ಕುಟುಂಬಗಳ ದಾರಿ ಸುಗಮವಾದೀತು.

ಈ ಪರಿಸರದ ಕನ್ನಡ ಸಂಘಗಳು, ಜಾತೀಯ ಸಂಸ್ಥೆಗಳು ವಾರ್ಷಿಕೋತ್ಸವಕ್ಕೆ ಸಂಸದರನ್ನೂ ಶಾಸಕರನ್ನೂ ಕರೆದು ಶಾಲು ಹೊದಿಸುತ್ತವೆ. ಅದೇ ವೇದಿಕೆಯಲ್ಲಿ ಈ ಬೇಡಿಕೆಯ ಮನವಿಯನ್ನೂ ಕೈಗಿತ್ತರೆ ತಪ್ಪೇನು? ಬೇರೆ ಬೇರೆಯಾಗಿ ಅಲ್ಲ, ಎಲ್ಲ ಸಂಸ್ಥೆಗಳ ಸಹಿಯಿರುವ ಒಂದೇ ಮನವಿ. ಹುಬ್ಬಳ್ಳಿ, ಬೆಳಗಾವಿ ಕಡೆಯ ಬಂಧುಗಳೂ ಇಲ್ಲಿ ಕಡಿಮೆಯಿಲ್ಲ. ಆ ಊರುಗಳಿಗೂ ಹೊಸ ನಿಲ್ದಾಣದಿಂದ ವಿಮಾನ ಬೇಕೆಂಬ ಮಾತು ಅದರಲ್ಲಿ ಸೇರಲಿ. ಜತೆಗೆ ಒಂದು ಕರ್ತವ್ಯ ನಮ್ಮವರ ಮೇಲೂ ಇದೆ. ಆಸನ ತುಂಬದ ವಿಮಾನವನ್ನು ಯಾವ ಕಂಪೆನಿಯೂ ಬಹುಕಾಲ ಹಾರಿಸದು. ಕೇಳಿ ಪಡೆದ ಸೌಲಭ್ಯವನ್ನು ಬಳಸಿ ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ.