ಮೀನು ಸತ್ತದ್ದು ಯಾರ ತಪ್ಪಿನಿಂದ?

ಸೋದರಿಯರೇ, ಈ ಸಲ ಅಡುಗೆಮನೆ ಬಿಟ್ಟು ನಮ್ಮ ನಡುಮನೆಗೆ ಬನ್ನಿ. ಟಿವಿ ಪಕ್ಕದಲ್ಲಿ 2 ಅಡಿ ಉದ್ದದ ಗಾಜಿನ ತೊಟ್ಟಿ ಇದೆ, ಸುಮಾರು 50 ಲೀಟರ್ ನೀರು ಹಿಡಿಯುತ್ತೆ. ಚಿಕ್ಕ ಮಗ ಹಟ ಹಿಡಿದು ತರಿಸಿಕೊಂಡದ್ದು. ಮೊದಲಿಗೆ ಅದರಲ್ಲಿ ಬಿಟ್ಟದ್ದು 10 ಗಪ್ಪಿ ಮೀನು.

ತಂದು ಎರಡು ವಾರ ಆಗಿತ್ತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಂಜೆಯೊಳಗೆ ಇನ್ನೆರಡು. ಹಿಂದಿನ ದಿನ ಬಾಲ ಬೀಸಿಕೊಂಡು ಓಡಾಡಿದ ಮೀನುಗಳು! "ಯಾರದೋ ದೃಷ್ಟಿ ತಾಗಿದೆ" ಅಂದರು ಅತ್ತೆ. "ಅಂಗಡಿಯವನು ರೋಗದ ಮೀನು ಕೊಟ್ಟಿದ್ದಾನೆ" ಅಂದರು ನಮ್ಮನೆಯವರು. ನಾನು ಮಾತ್ರ ಹುಡುಗನ ಮೇಲೆ ಹರಿಹಾಯ್ದೆ. "ಹಿಡಿ ಹಿಡಿ ಊಟ ಸುರೀತೀಯಲ್ಲ, ನೀನೇ ಸಾಯಿಸಿದ್ದು" ಅಂದುಬಿಟ್ಟೆ. ಆಡಿದ ಮಾತು ಹಿಂದಕ್ಕೆ ಬರುತ್ತದೆಯೇ? ಅವನು ಅಳಲಿಲ್ಲ. ಆದರೆ ಅಂದಿನಿಂದ ಮೀನಿನ ಊಟದ ಡಬ್ಬಿ ಮುಟ್ಟಲಿಲ್ಲ. "ನೀನೇ ಹಾಕಮ್ಮ" ಅಂತ ದೂರ ನಿಲ್ಲುತ್ತಿದ್ದ.

ಮತ್ತೆ 6 ಮೀನು ತಂದೆವು. ಈ ಸಲ ಊಟ ಹಾಕಿದ್ದು ನಾನೇ, ಚಿಟಿಕೆ ಲೆಕ್ಕದಲ್ಲಿ. ಎರಡು ವಾರಕ್ಕೆ ಮತ್ತದೇ ಕಥೆ, ಒಂದೇ ದಿನಕ್ಕೆ ಐದು ಹೋದವು. ಈಗ ಯಾರನ್ನು ಬೈಯಲಿ?

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ನಮ್ಮ ಅಡುಗೆಮನೆ ಬಾಗಿಲ ಹಿಂದೆ ಇದೆ. ತಿಂಗಳ ಕೊನೆಗೆ ಲೆಕ್ಕ ಕೂಡುವಾಗ ನೋಡುತ್ತೇನೆ, ಮೀನು ಸತ್ತ ದಿನಗಳಲ್ಲಿ ಹುಡುಗ ಪೆನ್ಸಿಲಿನಿಂದ ಪುಟ್ಟ ಮೀನು ಬರೆದಿಟ್ಟಿದ್ದಾನೆ. ಹೊಟ್ಟೆಯಲ್ಲಿ ಕಲಸಿದಂತಾಯಿತು. ಆಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಎರಡೂ ಭಾನುವಾರ! ಶನಿವಾರ ನಮ್ಮಲ್ಲಿ ಮನೆ ತೊಳೆಯುವ ದಿನ. ಹದಿನೈದು ದಿನಕ್ಕೊಮ್ಮೆ ಮೀನಿನ ತೊಟ್ಟಿಗೂ ಅಭ್ಯಂಜನ. ನೀರೆಲ್ಲ ಚೆಲ್ಲಿ, ಕಲ್ಲುಗಳನ್ನು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ನಲ್ಲಿ ನೀರನ್ನೇ ನೇರವಾಗಿ ತುಂಬಿಸುತ್ತಿದ್ದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಬಂದವರೆಲ್ಲ ಹೊಗಳುತ್ತಿದ್ದರು ಬೇರೆ.

ಮೀನಿನ ಅಂಗಡಿ ಹುಡುಗನಿಗೆ ಇದನ್ನು ಹೇಳಿದೆ. ಅವನು ನಕ್ಕು, "ಅಕ್ಕಾ, ನೀವು ತೊಳೆದೂ ತೊಳೆದೂ ಸಾಯಿಸಿದ್ದೀರ" ಅಂದ. ಎದುರುಮನೆಯಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್ ಇದ್ದಾರೆ. ಅವರು ನನಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದರು.

ಪುರಸಭೆಯ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ನಮಗೆ ಅದು ವಾಂತಿಭೇದಿ ಬಾರದಂತೆ ಕಾಯುತ್ತದೆ. ಮೀನಿಗಾದರೋ ಕಿವಿರು ಸುಟ್ಟ ಹಾಗೆ, ಉಸಿರಾಟವೇ ಕಷ್ಟ. ನೀರನ್ನು ಬಾಯಗಲದ ಬಕೆಟ್ಟಿನಲ್ಲಿ ಮುಚ್ಚದೆ ಒಂದು ದಿನ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ವಾಸನೆ ಮೂಗಿಗೆ ಹೊಡೆಯುವಷ್ಟಿದ್ದರೆ ಎರಡು ದಿನ ಇಡಿ. ಆ ಬಕೆಟ್ಟಿಗೆ ಸೋಪು ತಾಗಬಾರದು.

ಇನ್ನೊಂದು ವಿಷಯ ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಮೀನಿನ ಉಸಿರು, ಹೇಲು, ತಿನ್ನದೆ ಬಿಟ್ಟ ಊಟ ಎಲ್ಲದರಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣುವುದಿಲ್ಲ, ನೀರು ತಿಳಿಯಾಗಿಯೇ ಇರುತ್ತೆ. ಕಲ್ಲು, ಸ್ಪಂಜಿನ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಈ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಬೇರೆ ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟಾಗಿ ಕೆಡುಕು ಮಾಡದು. ಹೊಸ ತೊಟ್ಟಿಯಲ್ಲಿ ಇವೆಲ್ಲ ನೆಲೆಯೂರಲು 4ರಿಂದ 6 ವಾರ ಬೇಕಂತೆ. ಮೊಸರಿನ ಹೆಪ್ಪು ಇದ್ದ ಹಾಗೆ ಅನ್ನಿ. ನಾನು ಪ್ರತಿ ಸಲವೂ ಹೆಪ್ಪನ್ನೇ ತೊಳೆದು ಬಚ್ಚಲಿಗೆ ಚೆಲ್ಲುತ್ತಿದ್ದೆ! ಅಳಿದುಳಿದದ್ದನ್ನು ನಲ್ಲಿಯ ಕ್ಲೋರಿನ್ ಮುಗಿಸುತ್ತಿತ್ತು.

ಈಗ ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ತೆಗೆಯುತ್ತೇನೆ. ಆ ತೆಗೆದ ನೀರಿನಲ್ಲೇ ಸ್ಪಂಜನ್ನು ಮೆಲ್ಲಗೆ ಅದ್ದಿ ಹಿಂಡುವುದು, ನಲ್ಲಿ ಕೆಳಗಲ್ಲ. ಬೋರ್‌ವೆಲ್ ನೀರಿದ್ದವರೂ ಒಮ್ಮೆಗೇ ಪೂರ್ತಿ ಬದಲಿಸಬೇಡಿ, ಗಡಸುತನ, ತಂಪು ಏಕಾಏಕಿ ವ್ಯತ್ಯಾಸವಾದರೂ ಮೀನು ತಡೆಯುವುದಿಲ್ಲ. ತೆಗೆದ ನೀರು ಗಿಡಕ್ಕೆ ಒಳ್ಳೆ ಗೊಬ್ಬರ. ನಮ್ಮ ಕರಿಬೇವು ಚೆನ್ನಾಗಿ ಚಿಗುರಿದೆ. ತುಳಸಿಗೆ ಮಾತ್ರ ಅತ್ತೆ ಹಾಕಗೊಡುವುದಿಲ್ಲ, ಅದು ಬಿಡಿ.

ನಿಮ್ಮ ಮನೆಯಲ್ಲೂ ಮೀನು ಹೀಗೆ ಸತ್ತರೆ ಹಿಂದಿನ ಎರಡು ದಿನ ಮನೆಯಲ್ಲಿ ಏನೇನು ನಡೆಯಿತು, ನೆನಪು ಮಾಡಿಕೊಳ್ಳಿ. ಒಂದೊಂದೇ ಮೀನು ಸೊರಗಿ, ಮೈಮೇಲೆ ಬಿಳಿ ಚುಕ್ಕೆ ಬಂದು, ರೆಕ್ಕೆ ಕೊಳೆತು ಸತ್ತರೆ ರೋಗವಿರಬಹುದು. ಎಲ್ಲ ಒಟ್ಟೊಟ್ಟಿಗೆ ಸತ್ತರೆ ನೀರಿನ ಮೇಲೇ ಅನುಮಾನ ಇರಲಿ. ಗಪ್ಪಿ ಏನೂ ನಾಜೂಕಿನ ಮೀನಲ್ಲ. ಸೊಳ್ಳೆ ಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರು ಬಿಡುವುದೂ ಇದನ್ನೇ. ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಉಸಿರಿಗೆ ತೊಂದರೆ ಅಂತ ತಿಳಿಯಿರಿ. ಕರೆಂಟು ಹೋಗಿ ಗಾಳಿ ಪಂಪ್ ನಿಂತಿರಬಹುದು, ಅಮೋನಿಯ ಏರಿರಬಹುದು. ತಡಮಾಡದೆ ಕಾಲು ಭಾಗ ನೀರು ತೆಗೆದು ಒಂದು ದಿನ ಇಟ್ಟ ನೀರು ಹಾಕಿ. ಜಿರಳೆ, ಸೊಳ್ಳೆಗೆ ಹೊಡೆಯುವ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ, ಅದರ ಔಷಧ ಮೀನಿಗೆ ಪಾಷಾಣ.

ಟೀಚರ್ ಮನೆಯಿಂದ ಬಂದ ಸಂಜೆಯೇ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮೀನು ಸತ್ತದ್ದು ನಿನ್ನಿಂದಲ್ಲ ಕಣೋ, ನನ್ನಿಂದ" ಅಂದೆ. ಮಕ್ಕಳ ಎದುರು ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ, ನಿಮಗೂ ಗೊತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾನು ಊಟ ಹಾಕಬಹುದಾ?" ಅಂದ. ನನಗೆ ಕಣ್ಣು ತುಂಬಿ ಬಂತು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಅಂತ ಕರಾರು ಮಾಡಿ ಡಬ್ಬಿ ಕೊಟ್ಟೆ.

ಉಳಿದ ಮೀನಿಗೆ ಜೊತೆಯಾಗಿ ಮೊದಲು ಎರಡೇ ಮೀನು ತಂದೆವು, ಆರು ವಾರ ಕಳೆದ ಮೇಲೆ ಇನ್ನೆರಡು. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹೋದ ವಾರ ಕಲ್ಲಿನ ಸಂದಿಯಲ್ಲಿ ಏಳು ಮರಿ ಕಂಡವು, ಒಂದೊಂದೂ ಸಾಸಿವೆಗೆ ಬಾಲ ಬಂದ ಹಾಗೆ. ದೊಡ್ಡ ಮೀನು ಮರಿಗಳನ್ನು ತಿಂದುಬಿಡುತ್ತವಂತೆ. ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ನನ್ನ ಹೊಸ ಗಾಜಿನ ಭರಣಿ ಈಗ ಮರಿಗಳ ಪಾಲಾಗಿದೆ. ನಾನು ಬಟ್ಟೆ ಹಿಡಿದು ಹತ್ತಿರ ಹೋದರೆ ಸಾಕು, "ಅಮ್ಮಾ, ತೊಳೀಬೇಡ!" ಅಂತ ಕೂಗುತ್ತಾನೆ.