ಗೃಹೋಪಯೋಗಿ ವಿಚಾರಗಳು: ಹಳೆಯ ಮೋಟಾರಿನ ಮೈಹೊಳಪೂ ಒಳತುಕ್ಕೂ

ವೈಶಾಖದ ಬಿಸಿಲು ತಗ್ಗಿ ಪಡುವಣ ಬಾನಿನಲ್ಲಿ ಕಾರ್ಮೋಡಗಳು ತಲೆದೋರುವ ದಿನಗಳಲ್ಲಿ ಮಾಡಿನ ಹೆಂಚುಗಳನ್ನು ಕೈಯಾಡಿಸುವುದೂ, ಸೌದೆಯನ್ನು ಒಳಗೆ ಸೇರಿಸುವುದೂ, ಹಪ್ಪಳ ಸಂಡಿಗೆಗಳ ಡಬ್ಬಿಗಳನ್ನು ಭದ್ರಪಡಿಸುವುದೂ ಗೃಹಸ್ಥರ ಮನೆಗಳಲ್ಲಿ ನಡೆದುಬಂದ ವಾಡಿಕೆಯಷ್ಟೆ. ಕೆಲವು ಮನೆಗಳಲ್ಲಿ ಈ ಸಾಲಿಗೆ ಮತ್ತೊಂದು ಕೆಲಸವು ಸೇರತಕ್ಕದ್ದಿದೆ. ತಂದೆಯವರೋ ಅಜ್ಜನವರೋ ಕೊಂಡು, ಮದುವೆ ಮುಂಜಿಗಳಿಗೂ ಆಸ್ಪತ್ರೆಗೂ ದೇವಸ್ಥಾನಕ್ಕೂ ಓಡಿ ದಣಿದು, ಈಗ ಮನೆಯ ಮಗ್ಗುಲ ಷೆಡ್ಡಿನಲ್ಲಿ ವಿಶ್ರಮಿಸುತ್ತಿರುವ ಹಳೆಯ ಮೋಟಾರು ಬಂಡಿಯನ್ನು ಕುರಿತು ನಾವು ಹೇಳುತ್ತಿದ್ದೇವೆ. ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ ತಯಾರಾಗುತ್ತಿದ್ದು 2014ರಲ್ಲಿ ನಿಂತುಹೋದ ಅಂಬಾಸಿಡರ್, ಮುಂಬಯಿಯ ಕುರ್ಲಾದಿಂದ ಬರುತ್ತಿದ್ದು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯೆಂಬ ಹೆಸರು ತಳೆದ ಫಿಯೆಟ್, ಇವು ನಮ್ಮ ವಾಚಕರಿಗೆ ಚಿರಪರಿಚಿತವಾದುವು. ಇವನ್ನು ಮಾರಲು ಮನಸ್ಸು ಬಾರದು. ಇಟ್ಟುಕೊಂಡರೋ, ಆರೈಕೆ ಮಾಡದೆ ವಿಧಿಯಿಲ್ಲ.

ಆರೈಕೆಯೆಂದೊಡನೆ ಬಹುಮಂದಿ ಮೊದಲು ಕೈಹಾಕುವುದು ಪಾಲಿಷ್ ಡಬ್ಬಿಗೆ. ಒಂದು ಭಾನುವಾರವೆಲ್ಲ ಉಜ್ಜಿ, ಬಾನೆಟ್ಟಿನಲ್ಲಿ ತಮ್ಮ ಮುಖವನ್ನು ಕಂಡು ತೃಪ್ತರಾಗಿ ಎದ್ದುಹೋಗುತ್ತಾರೆ. ಈ ಕ್ರಮವು ತಿರುಗುಮುರುಗಾಗಬೇಕೆಂಬುದು ನಮ್ಮ ಅಭಿಪ್ರಾಯ. ಹೊಳಪು ಕಟ್ಟಕಡೆಯ ಕೆಲಸ. ಮೊದಲನೆಯದು ನೆಲಕ್ಕೆ ಬಗ್ಗಿ ಬಂಡಿಯ ಅಡಿಯನ್ನು ನೋಡುವುದು.

ಹಿತ್ತಾಳೆ ತಾಮ್ರಗಳ ಪಾತ್ರೆಗೆ ಕಿಲುಬು ಹಿಡಿಯುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಕಿಲುಬು ಮೇಲ್ಮೈಯಲ್ಲಿ ಅಂಟಿಕೊಂಡು ನಿಲ್ಲುತ್ತದೆ; ಒಂದು ಬಗೆಯಲ್ಲಿ ಒಳಗಿನ ಲೋಹಕ್ಕೆ ಅದೇ ಹೊದಿಕೆಯಾಗುತ್ತದೆ. ಕಬ್ಬಿಣದ ತುಕ್ಕಿನ ಸ್ವಭಾವ ಬೇರೆ. ಕಬ್ಬಿಣವು ನೀರನ್ನೂ ಗಾಳಿಯಲ್ಲಿನ ಆಮ್ಲಜನಕವನ್ನೂ ಕೂಡಿಕೊಂಡು ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಉಬ್ಬುತ್ತದೆ. ಉಬ್ಬಿದ್ದು ಹಕ್ಕಳೆಯಾಗಿ ಸಿಡಿದು ಬೀಳುತ್ತದೆ. ಕೆಳಗಿನ ಹೊಸ ಕಬ್ಬಿಣವು ಬತ್ತಲೆಯಾಗಿ ಅದಕ್ಕೂ ಅದೇ ಗತಿ ಬರುತ್ತದೆ. ಉಪ್ಪು ಸೇರಿದರೆ ಈ ಕ್ರಿಯೆಗೆ ವೇಗ ಹೆಚ್ಚು. ಉಪ್ಪು ಗಾಳಿಯಲ್ಲಿರುವ ತೇವವನ್ನು ತಾನೇ ಎಳೆದುಕೊಂಡು ತಗಡನ್ನು ಒಣಗಗೊಡದು. ಮಲ್ಪೆ, ಕಾರವಾರಗಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬಯಲುಸೀಮೆಯವರು ಕಡಲ ಮರಳಿನಲ್ಲಿ ಬಂಡಿ ಓಡಿಸಿ ಬಂದ ದಿನವೇ ಅದರ ಅಡಿಯನ್ನು ಸಿಹಿನೀರಿನಿಂದ ತೊಳೆಯುವುದು ಲೇಸು.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಲಾರಿಗೆ ಭಾರ ಹೊರಲು ಪ್ರತ್ಯೇಕವಾದ ಉಕ್ಕಿನ ಚೌಕಟ್ಟು ಇರುತ್ತದೆ. ಅಂಬಾಸಿಡರಿಗೂ ಫಿಯೆಟ್ಟಿಗೂ ಅದಿಲ್ಲ. ತಗಡಿನ ಮೈಯೇ ಅವುಗಳ ಬೆನ್ನೆಲುಬು. ಬಾಗಿಲುಗಳ ಕೆಳಗೆ ಮುಂದಿನಿಂದ ಹಿಂದಕ್ಕೆ ಹಾಯುವ ಪೊಳ್ಳು ದೂಲವೂ, ಕಾಲಿಡುವ ನೆಲದ ತಗಡೂ ಸೇರಿ ಬಂಡಿಯನ್ನು ಬಾಗದಂತೆ ಹಿಡಿದಿರುತ್ತವೆ. ಆದಕಾರಣ ಮಡ್‌ಗಾರ್ಡಿನ ತುದಿಯಲ್ಲಿ ಕಾಣುವ ತುಕ್ಕು ಕಣ್ಣಿಗೆ ಮಾತ್ರ ಕೇಡು. ಆ ಪೊಳ್ಳು ದೂಲದೊಳಗಿನ ತುಕ್ಕು ಪ್ರಾಣಕ್ಕೆ ಕೇಡು. ಚಕ್ರಗಳಿಗೆ ಬ್ರೇಕಿನ ದ್ರವವನ್ನು ಒಯ್ಯುವ ಸಣ್ಣ ಉಕ್ಕಿನ ಕೊಳವೆಗಳೂ ಬಂಡಿಯ ಅಡಿಯಲ್ಲೇ ಹಾದಿವೆ. ತುಕ್ಕಿನಿಂದ ತೆಳ್ಳಗಾದ ಕೊಳವೆಯು ಒಡೆಯುವುದು, ಯಾವಾಗ ಪೆಡಲನ್ನು ಬಲವಾಗಿ ಒತ್ತುತ್ತೇವೆಯೋ ಆವಾಗಲೇ. ಘಟ್ಟದ ಇಳಿಜಾರಿನಲ್ಲಿ ಹೆಂಡತಿ ಮಕ್ಕಳು ಕುಳಿತಿರುವಾಗ ಇಂತಹದು ಸಂಭವಿಸಿದರೆ ಬಾನೆಟ್ಟಿನ ಹೊಳಪು ಯಾರ ಕೆಲಸಕ್ಕೆ ಬಂದೀತು?

ಪರೀಕ್ಷೆಗೆ ಬಹಳ ಸಲಕರಣೆ ಬೇಡ. ಒಂದು ದೀಪ, ಒಂದು ತಿರುಪುಳಿ, ಹಳೆಯ ಬಟ್ಟೆ ಸಾಕು. ಆದರೆ ಜ್ಯಾಕೊಂದನ್ನೇ ನಂಬಿ ಬಂಡಿಯ ಅಡಿಗೆ ತೂರಬಾರದು. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ ಬಳಿಕವೇ ಕೈಯಿಡಬೇಕು. ತಿರುಪುಳಿಯ ಹಿಡಿಯಿಂದ ತಗಡನ್ನು ತಟ್ಟುತ್ತ ಹೋದರೆ, ಹಲಸನ್ನು ತಟ್ಟಿ ನೋಡುವವರಿಗೆ ಹೇಗೋ ಹಾಗೆ, ಸ್ವಲ್ಪ ಹೊತ್ತಿನಲ್ಲಿಯೇ ಕಿವಿ ಪಳಗುತ್ತದೆ: ಆರೋಗ್ಯವಾದ ತಗಡು ಖಣಿಲೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದುಮಾಡಿ ಪುಡಿಯುದುರಿಸುತ್ತದೆ. ಒಳಗೆ ಕಾಲಡಿಯ ರಬ್ಬರು ಚಾಪೆಯನ್ನೂ ಅದರ ಕೆಳಗಿನ ಕಂಬಳಿಯನ್ನೂ ಎತ್ತಿ ನೋಡತಕ್ಕದ್ದು. ಒಮ್ಮೆ ಒದ್ದೆಯಾದ ಕಂಬಳಿ ತಿಂಗಳುಗಟ್ಟಲೆ ಆರದೆ ನೆಲದ ತಗಡನ್ನು ತಿನ್ನುತ್ತಿರುತ್ತದೆ. ಡಿಕ್ಕಿಯ ನೆಲವನ್ನೂ ಮರೆಯಲಾಗದು. ಬಾಗಿಲುಗಳ ಕೆಳಅಂಚಿನಲ್ಲಿ ಚಿಕ್ಕ ಚಿಕ್ಕ ರಂಧ್ರಗಳಿರುತ್ತವೆ. ಗಾಜಿನ ಪಕ್ಕದಿಂದ ಇಳಿದ ನೀರು ಹೊರಹೋಗಲೆಂದು ಮಾಡಿದ ಬಚ್ಚಲುಗಳವು. ಧೂಳು ತರಗೆಲೆಗಳು ಸೇರಿ ಅವು ಮುಚ್ಚಿಕೊಂಡರೆ ಬಾಗಿಲೇ ನೀರು ತುಂಬಿದ ತೊಟ್ಟಿಯಾಗುತ್ತದೆ. ಒಂದು ಕಡ್ಡಿಯಿಂದ ಅವನ್ನು ಬಿಡಿಸಿಕೊಡಲು ಕಾಲುಗಂಟೆ ಸಾಕು, ಕಾಸೂ ಖರ್ಚಿಲ್ಲ. ತುಕ್ಕಿನ ನಿವಾರಣೆಯಲ್ಲಿ ಇದಕ್ಕಿಂತ ಫಲವುಳ್ಳ ಕೆಲಸವನ್ನು ನಾವು ಅರಿಯೆವು.

ತುಕ್ಕು ಮೇಲ್ಪದರದಲ್ಲಿ ಮಾತ್ರ ಇದ್ದಲ್ಲಿ ಮನೆಯಲ್ಲಿಯೇ ಚಿಕಿತ್ಸೆ ಮಾಡಬಹುದು. ಹಕ್ಕಳೆಯನ್ನು ತಂತಿಯ ಬ್ರಷ್ಷಿನಿಂದ ಕೆರೆದು, ಬಳಿಕ ಅಂಗಡಿಯವರು ವಾಟರ್ ಪೇಪರ್ ಎನ್ನುವ ಉಪ್ಪು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಹಳೆಯ ಬಣ್ಣಗಳಲ್ಲಿ ಸೀಸವು ಇರಬಹುದಾದ್ದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಮೂಗಿಗೆ ಮಾಸ್ಕು ಕಟ್ಟಿ, ಮಕ್ಕಳನ್ನು ದೂರವಿರಿಸತಕ್ಕದ್ದು. ಕೆರೆದ ಮೇಲೂ ಗುಳಿಗಳಲ್ಲಿ ಉಳಿಯುವ ತುಕ್ಕಿಗೆ ಮಾರ್ಪಾಟು ದ್ರಾವಣಗಳು ದೊರೆಯುತ್ತವೆ. ಕೆಲವುದರಲ್ಲಿ ಫಾಸ್ಫಾರಿಕ್ ಆಮ್ಲವಿದ್ದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾಡುತ್ತದೆ. ಕೆಲವುದರಲ್ಲಿ ಟ್ಯಾನಿಕ್ ಆಮ್ಲವಿದ್ದು ಅದನ್ನು ನೀಲಿಗಪ್ಪಾದ ಗಟ್ಟಿ ಪೊರೆಯಾಗಿ ಮಾರ್ಪಡಿಸುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಕಬ್ಬಿಣವನ್ನು ಸೇರಿಸಿ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದಲೇ ಎಂಬುದು ವಾಚಕರಿಗೆ ವಿನೋದವನ್ನುಂಟುಮಾಡಬಹುದು. ಇವನ್ನು ಬಳಸುವಾಗ ಕೈಗವಸು ಬೇಕು. ಡಬ್ಬಿಯ ಮೇಲಿನ ಸೂಚನೆಯನ್ನು ಮೀರಬಾರದು.

ಆರಿದ ಕೂಡಲೇ ಪ್ರೈಮರನ್ನೂ, ಪ್ರೈಮರಿನ ಮೇಲೆ ಬಣ್ಣವನ್ನೂ ಹಚ್ಚಿ ಮುಗಿಸಬೇಕು. ರೆಡ್ ಆಕ್ಸೈಡನ್ನು ಬಳಿದು ಅಷ್ಟಕ್ಕೇ ಬಿಟ್ಟುಬಿಡುವವರು ಬಹಳ. ಆ ಕೆಂಪು ಬಣ್ಣವು ಕಬ್ಬಿಣದ ಆಕ್ಸೈಡಿನದೇ, ಎಂದರೆ ತುಕ್ಕಿನ ದಾಯಾದಿಯದೇ! ಮೇಲೆ ಬಣ್ಣವಿಲ್ಲದ ಪ್ರೈಮರು ನೀರನ್ನು ಮೆಲ್ಲಗೆ ಒಳಗೆ ಬಿಡುತ್ತದೆ. ಸತುವು ಹೆಚ್ಚಾಗಿರುವ ಪ್ರೈಮರು ಶುದ್ಧವಾಗಿ ಕೆರೆದ ಬರಿಯ ಲೋಹಕ್ಕೆ ಉತ್ತಮ. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ತೂತು ಬಿದ್ದಿದ್ದರೆ ಮಾತ್ರ ಅದು ಮನೆಯ ಕೆಲಸವಲ್ಲ. ಟಿಂಕರಿಂಗ್ ಬಲ್ಲವನು ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡನ್ನು ಬೆಸೆಯಬೇಕು. ತೂತಿಗೆ ಪುಟ್ಟಿ ಮೆತ್ತಿ, ಬಣ್ಣ ಬಳಿದು, ಪಾಲಿಷ್ ಹಾಕಿ ಕೊಡುವ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಕಡಿಮೆ ಖರ್ಚೆಂದು ಇದಕ್ಕೆ ಒಪ್ಪುವ ಯಜಮಾನರೂ ಉಂಟು. ಬೆನ್ನೆಲುಬಿನ ಜಾಗದಲ್ಲಿ ಪುಟ್ಟಿ ಮೆತ್ತಿಸುವುದು ತನ್ನವರನ್ನೇ ತಾನು ವಂಚಿಸಿದಂತೆ. ಹಾಗೆ ಮಾಡಿಸಿ ಇನ್ನೊಬ್ಬರಿಗೆ ಮಾರುವುದು ಅದಕ್ಕಿಂತ ಹೀನ. ಹಳೆಯ ಬಂಡಿಯನ್ನು ಕೊಳ್ಳುವವರು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಒಳ್ಳೆಯದು: ಪುಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯದು.

ಪೊಳ್ಳು ದೂಲಗಳ ಒಳಗೆ ಬ್ರಷ್ಷು ಹೋಗದು. ಅದಕ್ಕಾಗಿ ಉದ್ದನೆಯ ನಳಿಗೆಯುಳ್ಳ ಮೇಣದ ಸಿಂಪಡಿಕೆಗಳಿವೆ. ಬೇಸಗೆಯಲ್ಲಿ, ಒಳಭಾಗವು ಚೆನ್ನಾಗಿ ಒಣಗಿರುವಾಗ ಹಾಕಿಸಿದರೆ ಮೇಣವು ಸಂದುಗೊಂದುಗಳಿಗೆ ಹರಿಯುತ್ತದೆ. ಅಡಿಗೆ ಹಳೆಯ ಎಂಜಿನ್ ಎಣ್ಣೆಯನ್ನು ಎರಚುವ ಪದ್ಧತಿಯನ್ನು ನಾವು ಮೆಚ್ಚುವುದಿಲ್ಲ. ಅದು ರಬ್ಬರಿನ ಬುಷ್‌ಗಳನ್ನು ಕೆಡಿಸುತ್ತದೆ, ತೊಟ್ಟಿಕ್ಕಿ ಅಂಗಳದ ಮಣ್ಣನ್ನೂ ಬಾವಿಯ ನೀರನ್ನೂ ಮಲಿನಗೊಳಿಸುತ್ತದೆ. ಟಾರಿನಂತಹ ಕಪ್ಪು ಲೇಪವಾದರೋ, ಶುದ್ಧ ಮಾಡಿದ ತಗಡಿಗೆ ಒಳ್ಳೆಯದೇ. ತುಕ್ಕಿನ ಮೇಲೆಯೇ ಬಳಿದರೆ ತೇವವನ್ನು ಒಳಗೆ ಬಂಧಿಸಿ, ಕೇಡನ್ನು ಮರೆಮಾಡುತ್ತದೆ.

ಇಷ್ಟೂ ಆದ ಮೇಲೆ ಪಾಲಿಷ್. ಬಂಡಿಯನ್ನು ನೆರಳಿನಲ್ಲಿ ನಿಲ್ಲಿಸಿ, ಧಾರಾಳವಾಗಿ ನೀರು ಹುಯ್ದು ಮರಳಿನ ಕಣಗಳನ್ನು ಕಳೆಯಬೇಕು. ಒಣಬಟ್ಟೆಯಿಂದ ಧೂಳು ಒರಸುವುದೆಂದರೆ ಗೀರು ಹಾಕುವುದೆಂದೇ ಅರ್ಥ. ಪಾತ್ರೆ ಬೆಳಗುವ ಹುಣಿಸೆ, ನಿಂಬೆ, ಸಬೀನ ಮೊದಲಾದುವು ಬಂಡಿಯ ಹತ್ತಿರ ಸುಳಿಯಕೂಡದು. ಹಳೆಯ ಬಂಡಿಗಳ ಮೂಲ ಬಣ್ಣಕ್ಕೆ ಈಗಿನವುಗಳಂತೆ ಮೇಲೆ ಪಾರದರ್ಶಕ ಪದರವಿಲ್ಲ. ಆದ್ದರಿಂದ ರಬ್ಬಿಂಗ್ ಕಾಂಪೌಂಡಿನಿಂದ ಉಜ್ಜಿದಾಗ ಬಟ್ಟೆಗೆ ಬಂಡಿಯ ಬಣ್ಣವೇ ಹತ್ತುತ್ತದೆ. ಅದು ಕೊಳೆಯಲ್ಲ, ಬಣ್ಣವೇ ಸವೆಯುತ್ತಿರುವುದು. ಏಣುಗಳ ಮೇಲೆ ಬಣ್ಣವು ಮೊದಲೇ ತೆಳ್ಳಗಿರುವುದರಿಂದ ಅಲ್ಲಿ ಕೈ ಹಗುರವಾಗಿರಲಿ. ಮಂಕು ಹೋದೊಡನೆ ನಿಲ್ಲಿಸಿರಿ. ಬಳಿಕ ಮೇಣ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಗಳಿಂದ ಬರುವ ಕಾರ್ನೌಬಾ ಮೇಣವು ಬಹುಕಾಲದಿಂದ ಹೆಸರುವಾಸಿಯಾದುದು. ತೆಳ್ಳಗೆ ಹಚ್ಚಿ, ಮೆತ್ತನೆಯ ಬಟ್ಟೆಯಿಂದ ಒರಸಿದರೆ ನೀರು ನಿಲ್ಲದೆ ಮುತ್ತಾಗಿ ಉರುಳುತ್ತದೆ. ಬಂಪರಿನ ಕ್ರೋಮಿಯಂ ಮೇಲೆ ಚುಕ್ಕೆ ಚುಕ್ಕೆಯಾಗಿ ತುಕ್ಕಿದ್ದರೆ ಅಡಿಗೆಮನೆಯ ಅಲ್ಯುಮಿನಿಯಂ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆಲ್ಲಗೆ ಉಜ್ಜಿ, ಒರಸಿ, ಅಲ್ಲಿಗೂ ಮೇಣ ಹಚ್ಚಿರಿ. ಮಾಸಿದ್ದರೂ ಗಟ್ಟಿಯಾಗಿರುವ ಮೂಲ ಬಣ್ಣವನ್ನು ಕಿತ್ತು ಹೊಸದನ್ನು ಬಳಿಸುವ ಆತುರ ಬೇಡವೆಂದು ನಮ್ಮ ಸಲಹೆ.

ಸ್ವಂತದ ಬಂಡಿಗೆ 15 ವರ್ಷಗಳಾದ ಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ನವೀಕರಿಸಬೇಕೆಂಬ ನಿಯಮವುಂಟು. 50 ವರ್ಷ ಮೀರಿ, ಮೂಲರೂಪವನ್ನು ಉಳಿಸಿಕೊಂಡಿರುವ ಬಂಡಿಗಳನ್ನು ಪ್ರಾಚೀನ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸುವ ಏರ್ಪಾಡೂ 2021ರಿಂದ ಬಂದಿದೆ.

ಮಳೆಗಾಲದಲ್ಲಿ ಬಂಡಿಗೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಬೇಡಿರಿ. ಒಳಗಿನ ತೇವವು ಬೆವರಿನಂತೆ ತಗಡಿಗೇ ಇಳಿಯುತ್ತದೆ. ಗಾಳಿಯಾಡುವ ಷೆಡ್ಡೂ ಬಟ್ಟೆಯ ಹೊದಿಕೆಯೂ ಸಾಕು. ಮೊದಲ ದೊಡ್ಡ ಮಳೆಯಲ್ಲಿ ಬಂಡಿಯು ನೆನೆದಿದ್ದರೆ ಮರುದಿನ ಬೆಳಿಗ್ಗೆ ಕಾಲಡಿಯ ಚಾಪೆಯನ್ನೆತ್ತಿ ಅಂಗೈಯಿಟ್ಟು ನೋಡಿರಿ. ತೇವ ತಗುಲಿದರೆ ಮುಂಗಾಜಿನ ಸುತ್ತಲಿನ ರಬ್ಬರು ಬಿರಿದಿರುವುದೇ ಹೆಚ್ಚಾಗಿ ಕಾರಣ. ಅದನ್ನು ಬದಲಾಯಿಸುವವರೆಗೆ ಕಂಬಳಿಯನ್ನು ಹೊರಗೆ ತೆಗೆದಿಡತಕ್ಕದ್ದು.